ಬಾಯಿ, ಕಿವಿ, ನೆಲ

ಉಪ್ಪಳದಲ್ಲಿ ಬೇಕರಿಯ ಹಿಂದಿನ ಮನೆ.
ಮೆಟ್ಟಿಲಡಿಯ ಕಪಾಟಿನಲ್ಲಿ ಹನ್ನೊಂದು ವರ್ಷದ ಅಲಾರಂ ಪೆಟ್ಟಿಗೆ;
ಮುಚ್ಚಳ ಬಿಚ್ಚಿದರೆ ಹಲ್ಲಿಮೊಟ್ಟೆಯ ಸಿಪ್ಪೆ, ಉಬ್ಬಿದ ಬ್ಯಾಟರಿ,
ಮಲಯಾಳದಲ್ಲಿ ಯಾರೋ ಪೆನ್ಸಿಲಿನಿಂದ ಗೀಚಿದ್ದು:
ನೀಲಿ ತಂತಿ ಮುಟ್ಟಬೇಡ.
ಮೊದಲು ಅದನ್ನೇ ಮುಟ್ಟಿದೆ.
ಏನೂ ಆಗಲಿಲ್ಲ.

ನಡುಮನೆಯ ಗೋಡೆಗೆ ನಿನ್ನೆ ಬಂದ ಪರದೆ.
ಬೆರಳು ತಾಗಿದರೆ ದೀಪ, ಫ್ಯಾನು, ಪಂಪು, ಗೇಟು.
‘ಅದೂ ಇದರಲ್ಲೇ ಕಾಣಬೇಕು ಮಾರಾಯ್ರೆ’ ಎಂದರು ರುಕಿಯಾಬಿ,
‘ಎರಡೆರಡು ಕಡೆ ಒತ್ತಲಿಕ್ಕೆ ನನಗೆ ಪುರುಸೊತ್ತುಂಟಾ?
ಮೂರೂವರೆಗೆ ಒಲೆ ಹೊತ್ತಿಸಬೇಕು.’

ಪೆಟ್ಟಿಗೆಗೆ ಅಂಕೆ ಮಾತ್ರ ಗೊತ್ತು, ಪರದೆಗೆ ಚಿತ್ರ ಮಾತ್ರ.
ನಡುವೆ ಕೂರಿಸಿದೆ, ಬೆಂಕಿಪೆಟ್ಟಿಗೆಯಷ್ಟು ಒಂದು ಕಾರ್ಡು,
ದುಭಾಷಿ.
ಅದಕ್ಕೆ ಮೂರೇ ತಂತಿ:
ಒಂದು ಬಾಯಿ, ಒಂದು ಕಿವಿ, ಒಂದು ನೆಲ.

ಅವಸರದಲ್ಲಿ ಬಾಯಿಗೆ ಬಾಯಿ ಕೊಟ್ಟೆ, ಕಿವಿಗೆ ಕಿವಿ.
ಇಬ್ಬರೂ ಹೇಳಿದ್ದೇ ಹೇಳಿದ್ದು,
ಹಸಿರು ದೀಪ ಮಿಟುಕಿದ್ದೇ ಮಿಟುಕಿದ್ದು,
ಕೇಳುವವರಿಲ್ಲ.
ಪಂಚಾಯತು ಸಭೆ ನೆನಪಾಗಿ ನಗು ಬಂತು.
ಬಿಚ್ಚಿ ಅಡ್ಡಹಾಯಿಸಿದೆ, ಇವನ ಬಾಯಿ ಅವನ ಕಿವಿಗೆ.
ಮಾತಿನ ವೇಗ ಸಮ ಮಾಡಿದೆ.
ಆದರೂ ಗೊಣಗು, ಕಸ, ಅರ್ಧರ್ಧ ಅಕ್ಷರ.
ಮೂರನೆಯದು ಸಡಿಲ.
ನೆಲ ಒಂದೇ ಆಗದೆ ಮಾತು ಹತ್ತುವುದಿಲ್ಲ.
ಸ್ಕ್ರೂ ಅರ್ಧ ಸುತ್ತು;
ಪರದೆಯ ಮೇಲೆ ಮನೆ ಮೂಡಿತು.

ಇನ್ನು ಹೆಸರಿಡುವ ಕೆಲಸ, ವಲಯಕ್ಕೊಂದು.
ಮುಂಬಾಗಿಲಿಗೆ ಮಗಳು ಶಮ್ನಾ ಇಂಗ್ಲಿಷಿನ ಹೆಸರಿಟ್ಟಳು,
ಅಡುಗೆಮನೆಗೆ ನಾದಿನಿ ಮಲಯಾಳದ್ದು,
ಏಣಿ ಹಿಡಿದಿದ್ದ ನಮ್ಮ ಅಣ್ಣಿ ಮಾಳಿಗೆಗೆ ತುಳುವಿನಲ್ಲೇ ಏನೋ ಅಂದ.
ನಾಲ್ಕನೆಯದಕ್ಕೆ ನಾನು ಕನ್ನಡದಲ್ಲಿ ಒತ್ತಿದೆ: ಹಿತ್ತಿಲು.
ಮೂರೇ ಅಕ್ಷರ.
ಪರದೆ ತೋರಿಸಿದ್ದು ಎಂಟು ಖಾಲಿ ಚೌಕ,
ಬಾಗಿಲಿಡಲು ಮರೆತ ಎಂಟು ಕೋಣೆ.
‘ಇರಲಿ ಬಿಡಿ’ ಅಂದಳು ಹುಡುಗಿ, ‘ನಮಗೆ ಗೊತ್ತಲ್ಲ.’

ಉಳಿದವೆಲ್ಲ ಹಸಿರು, ಎಂಟು ಚೌಕ ಮಾತ್ರ ಕೆಂಪು.
ತಂತಿ ಹೆರೆದೆ, ರೆಸಿಸ್ಟರ್ ಅಳೆದೆ, ಆಯಸ್ಕಾಂತ ಬದಲಿಸಿದೆ.
ಮೀಟರಿನದು ಒಂದೇ ಹಟ: ಬಾಗಿಲು ತೆರೆದಿದೆ.
ಹೋಗಿ ನೋಡಿದರೆ ಹೌದು,
ತುಕ್ಕು ಹಿಡಿದ ಚಿಲಕ, ಬುಡಕ್ಕೆ ಒರಗಿಸಿದ ಸವೆದ ಅರೆಕಲ್ಲು.
‘ಅದನ್ನು ಹಾಕುವ ಕ್ರಮ ಇಲ್ಲ.
ಮೂರಕ್ಕೆ ಪದ್ಮಕ್ಕ ಬರ್ತಾರೆ ಮೈದಾ ಕಲಸಲಿಕ್ಕೆ,
ನಾನು ಎದ್ದು ತೆಗೆಯುವುದಾ?’

ಸೈರನ್ ಪರೀಕ್ಷೆ. ಮೂವತ್ತು ಸೆಕೆಂಡು.
ಮೊದಲು ಕಾಗೆಗಳೆದ್ದವು.
ಆಮೇಲೆ ರಿಕ್ಷಾ ಹಾಗೇ ಬಿಟ್ಟು ಓಡಿಬಂದ ಒಬ್ಬ,
ಕೈಗೆ ಹಿಟ್ಟು ಮೆತ್ತಿದ ಹುಡುಗರಿಬ್ಬರು,
ಸೌಟು ಹಿಡಿದ ಪದ್ಮಕ್ಕ;
ಎಲ್ಲರೂ ಆ ಬಾಗಿಲಿಂದಲೇ,
ಎಲ್ಲರೂ ಒಂದೇ ಪ್ರಶ್ನೆ, ಅವರವರ ಮಾತಿನಲ್ಲಿ.

ಮೆನುವಿನ ಒಳಗಿನ ಒಳಗೊಂದು ಆಯ್ಕೆ ಉಂಟು:
ಈ ವಲಯವನ್ನು ಲೆಕ್ಕಕ್ಕೆ ಹಿಡಿಯಬೇಡ.
ಹಾಗೆ ಒತ್ತುವುದಕ್ಕೆ ಗಿರಾಕಿಯ ಸಹಿ ಬೇಕು.
ಬಿಲ್ ಪುಸ್ತಕದ ಹಾಳೆ ಹರಿದು ಬರೆದುಕೊಟ್ಟರು,
ರಸ್ಕು ಎರಡು ಪ್ಯಾಕೆಟ್, ಅದರ ಬೆನ್ನಿಗೆ.

ಕೊನೆಗೆ ಗುಟ್ಟಿನ ನಂಬರು.
ಒತ್ತುವಾಗ ಮುಖ ತಿರುಗಿಸುವುದು ನಮ್ಮ ಕಸುಬಿನ ಮರ್ಯಾದೆ.
ತಿರುಗಿಸಿ ನಿಂತೆ.
ನಾಲ್ಕು ಸಲ ಕುಂಯ್ ಅಂದಿತು ಪರದೆ.
ಎದುರಿಗೆ ಆ ಬಾಗಿಲು, ಕಲ್ಲಿಗೊರಗಿ,
ಕಡಲಗಾಳಿಗೆ ಒಂಚೂರು ಅಲುಗಿ.

ಹಿತ್ತಿಲಿಂದ ಪದ್ಮಕ್ಕ ಕೂಗಿ ಕೇಳಿದರು:
‘ನಂಬರ್ ಎಷ್ಟು ಇಟ್ಟೆ ರುಕಿಯಾ?’
ಇವರೂ ಕೂಗಿಯೇ ಹೇಳಿದರು.
ನಾನು ಚೀಲದ ಜಿಪ್ಪು ಎಳೆದೆ,
ಆದಷ್ಟು ಸದ್ದು ಮಾಡಿ.